ಚಹಾ ಕುದಿಯುವಷ್ಟು ಹೊತ್ತು

ಮೇಲಿನ ಮನೆಯ ಕಾಕಾ ಅವರ ಜನಿವಾರಕ್ಕೆ ಎರಡು ವಸ್ತುಗಳು ಕಟ್ಟಿರುತ್ತಿದ್ದವು: ಕಬ್ಬಿಣದ ಕಪಾಟಿನ ಬೀಗದ ಕೈ ಮತ್ತು ಒಂದು ನೀಲಿ ಪೆನ್ ಡ್ರೈವ್. ಬೆಳಿಗ್ಗೆ ಬರಿಮೈಯಲ್ಲಿ ಗ್ಯಾಲರಿಗೆ ಬಂದು ತುಳಸಿಗೆ ನೀರು ಹಾಕಲು ಬಗ್ಗಿದಾಗ ಅವೆರಡೂ ಒಂದಕ್ಕೊಂದು ತಾಗಿ ಟಿಕ್ ಎನ್ನುತ್ತಿದ್ದವು. ಕೆಳಗಿನ ಮನೆಯ ಗ್ಯಾಲರಿಯಲ್ಲಿ ಹಲ್ಲುಜ್ಜುತ್ತ ನಿಂತ ನನ್ನ ತಲೆಯ ಮೇಲೆ ತುಳಸಿಯ ನೀರು ನಾಲ್ಕು ಹನಿ ಬೀಳುತ್ತಿತ್ತು. ಈಗಲೂ ಅರೆನಿದ್ದೆಯಲ್ಲಿ ಆ ಟಿಕ್ ಕೇಳಿದಂತಾಗಿ ತಲೆ ಮುಟ್ಟಿ ನೋಡಿಕೊಳ್ಳುತ್ತೇನೆ.

ಜನಿವಾರಕ್ಕೆ ಕೀಲಿಕೈ ಕಟ್ಟಿಕೊಂಡ ಹಿರಿಯರನ್ನು ತುಮಕೂರಿನ ನಮ್ಮ ಬೀದಿಯಲ್ಲೂ ನೋಡಿದ್ದೆ. ಪೆನ್ ಡ್ರೈವ್ ಕಟ್ಟಿಕೊಂಡವರನ್ನು ಕಂಡದ್ದು ಪುಣೆಯಲ್ಲೇ. ನಗು ತಡೆಯಲಾರದೆ ಕೇಳಿದ್ದಕ್ಕೆ ಅವರು ಗಂಭೀರವಾಗಿಯೇ ಹೇಳಿದರು: "ಸಣ್ಣ ಸಾಮಾನು ತಂಗಿ, ಇಟ್ಟಲ್ಲೆ ಕಳೀತದ. ಮೈಮ್ಯಾಲೆ ಇದ್ದದ್ದು ಎಲ್ಲಿ ಹೋಗ್ತದ?" ಸ್ನಾನಕ್ಕೆ ಹೋಗುವಾಗ ಬಿಚ್ಚಿ ಕಿಟಕಿಯಲ್ಲಿ ಇಡುವುದು ರೂಢಿ. ಒಮ್ಮೆ ಮರೆತು ಮೂರು ತಂಬಿಗೆ ಹುಯ್ದುಕೊಂಡುಬಿಟ್ಟರು. ಒದ್ದೆ ಪಂಚೆಯಲ್ಲೇ ಕೆಳಗಿಳಿದು ಬಂದು, ಮಗುವಿಗೆ ಜ್ವರ ಬಂದಂತೆ ಅದನ್ನು ಅಂಗೈಯಲ್ಲಿ ಹಿಡಿದು ನಿಂತರು. ಅಕ್ಕಿ ಡಬ್ಬಿಯಲ್ಲಿ ಹುಗಿದಿಟ್ಟೆವು. ಮರುದಿನ ಅದು ಸರಿಯಾಗಿ ಓಡಿದಾಗ, "ಗಂಗಾಸ್ನಾನ ಆತು ನೋಡು, ಇನ್ನೇನೂ ಆಗೂದಿಲ್ಲ ಅದಕ್ಕ" ಎಂದರು.

ಅದರೊಳಗೆ ಇದ್ದದ್ದು ಒಂದು ಲಿನಕ್ಸ್. ಹಳೆಯ ಕಂಪ್ಯೂಟರಿಗೆ ಹೊರೆಯಾಗದ, ವಿಂಡೋಸಿನ ಜಾಗದಲ್ಲಿ ಅದನ್ನು ನಡೆಸುವ ಹಗುರವಾದ ಒಂದು ವ್ಯವಸ್ಥೆ. ಅದನ್ನು ಆರಿಸಲು ನಾವಿಬ್ಬರೂ ಸೇರಿ ಒಂದು ಇಡೀ ಬೇಸಿಗೆ ಕಳೆದೆವು. ಹೆಣ್ಣಿಗೆ ಗಂಡು ಹುಡುಕಿದವರೂ ಅಷ್ಟು ಸೋಸಿರಲಿಕ್ಕಿಲ್ಲ.

ಕಾಕಾ ವಿಜಯಪುರದ ಕಡೆಯವರು. ಮೀಸೆ ಚಿಗುರುವ ವಯಸ್ಸಿಗೇ ಪುಣೆಗೆ ಬಂದು, ದೇಹೂ ರೋಡಿನಲ್ಲಿ ಸೈನ್ಯದ ಒಂದು ಡಿಪೋದಲ್ಲಿ ಉಗ್ರಾಣದ ಕೆಲಸಕ್ಕೆ ಸೇರಿ, ಅಲ್ಲಿಂದಲೇ ನಿವೃತ್ತರಾದವರು. ಹೊರಗೆ ಮರಾಠಿ, ಮನೆಯೊಳಗೆ ಅಚ್ಚ ವಿಜಯಪುರದ ಮಾತು. ಬಿಬವೇವಾಡಿಯ ಆ ಹಳೆಯ ಕಟ್ಟಡದಲ್ಲಿ ಮೇಲಿನದು ಅವರ ಮನೆ, ಕೆಳಗಿನದು ನಾನು ಬಾಡಿಗೆಗಿದ್ದ ಮನೆ. ನನ್ನದು ಸಾಫ್ಟ್‌ವೇರ್ ಕೆಲಸ. ಫೋನಿನಲ್ಲಿ ಆ್ಯಪ್ ಒತ್ತಿದ ಕೂಡಲೇ ತೆರೆಯಬೇಕಲ್ಲ, ಆ 'ಕೂಡಲೇ'ಯನ್ನು ಇನ್ನೂ ಬೇಗ ಮಾಡುವುದಕ್ಕೆ ನನಗೆ ಸಂಬಳ, ಕೆಲಸ ಹೆಚ್ಚಾಗಿ ಮನೆಯಿಂದಲೇ. ಸ್ವಭಾವವೂ ಅದಕ್ಕೆ ತಕ್ಕಂತೆಯೇ. ಕುಕ್ಕರಿನ ಆವಿ ಇಳಿಯುವವರೆಗೆ ಕಾಯಲಾರದೆ ನಲ್ಲಿ ನೀರಿಗೆ ಹಿಡಿಯುವವಳು ನಾನು.

ಕಾಕೂ, ಅಂದರೆ ಅವರ ಹೆಂಡತಿ, ನನಗೆ ಪರಿಚಯವಾಗುವ ಹೊತ್ತಿಗೆ ಮರೆವಿನ ಕಾಯಿಲೆ ಅವರನ್ನು ಮೆಲ್ಲಗೆ ಆವರಿಸಿತ್ತು. ಮೊದಲು ವಾರಗಳು ಹೋದವು, ಆಮೇಲೆ ಊರುಗಳು, ಆಮೇಲೆ ಜನ. ಬೆಳಗಿನ ಹೊತ್ತು ಗಂಡನನ್ನೇ ಕಂಡು ಸೆರಗು ಸರಿಮಾಡಿಕೊಂಡು, "ಕೂಡ್ರಿ. ನಮ್ಮನಿಯವರು ಡಿಪೋಕ್ಕ ಹೋಗ್ಯಾರ, ಸಂಜಿಕ್ಕ ಬರ್ತಾರ" ಎನ್ನುವರು. ಕಾಕಾ "ಹೌದ್ರಿ, ಕೂಡ್ತೀನ್ರಿ" ಎಂದು ತಮ್ಮದೇ ಮನೆಯಲ್ಲಿ ಬೀಗರಂತೆ ಕುರ್ಚಿಯ ತುದಿಗೆ ಕೂರುವರು. ಒಂದು ದಿನವೂ ವಾದಿಸಿದ್ದು ನಾನು ಕೇಳಲಿಲ್ಲ.

ಆದರೆ ಮಧ್ಯಾಹ್ನ ಒಂದು ಹೊತ್ತು ಇತ್ತು. ಪುಣೆಯ ಅಂಗಡಿಗಳು ಬಾಗಿಲೆಳೆದುಕೊಂಡು ಮಲಗಿರುವ ಹೊತ್ತು, ತರಕಾರಿ ಮಾರುವವನ ಕೂಗೂ ಇರದ ಹೊತ್ತು. ಕಾಕೂ ನಿದ್ದೆಯಿಂದೆದ್ದು ಪಡಸಾಲೆಯ ಮೂಲೆಯ ಕಂಪ್ಯೂಟರಿನ ಗುಂಡಿ ಒತ್ತುವರು. ಮಗಳು ಕಾಲೇಜಿನಲ್ಲಿದ್ದಾಗ ಕೊಂಡದ್ದು ಅದು. ಡಬ್ಬದಂಥ ಮಾನಿಟರು, ಅದಕ್ಕೊಂದು ಕಸೂತಿಯ ಹೊದಿಕೆ. ಗುಂಡಿ ಒತ್ತಿದರೆ ಗುರ್ ಎಂದು ಶುರುವಾಗಿ, ತೇಕಿ, ನಿಂತು, ಮತ್ತೆ ತೇಕಿ ತೆರೆಯುವುದಕ್ಕೆ ಬಹಳ ಹೊತ್ತು. ಅಷ್ಟರಲ್ಲಿ ಕಾಕೂ ಅಡುಗೆಮನೆಗೆ ಹೋಗಿ ಅಲ್ಲ ಜಜ್ಜಿ ಹಾಕಿ ಚಹಾ ಮಾಡುವರು. ಅಲ್ಲ ಎಂದರೆ ನಮ್ಮ ಕಡೆಯ ಹಸಿಶುಂಠಿ. ಎರಡು ಕಪ್ಪು ಹಿಡಿದು ಬರುವ ಹೊತ್ತಿಗೆ ಪರದೆಯ ಹಸಿರು ಮೇಜಿನ ಮೇಲೆ ಇಸ್ಪೀಟಿನ ಎಲೆಗಳು ಹರಡಿರುತ್ತಿದ್ದವು. ಒಬ್ಬರೇ ಆಡುವ ಆಟ ಅದು, ಕೆಂಪಿನ ಮೇಲೆ ಕಪ್ಪು, ಕಪ್ಪಿನ ಮೇಲೆ ಕೆಂಪು. ಆಗ ಒಳಗಿನ ಕೋಣೆಯ ಕಡೆ ತಿರುಗಿ ಕರೆಯುವರು: "ಬಂತು ನೋಡ್ರಿ, ಬರ್ರಿ."

ಕಾಕಾ ಬಂದು ಎಡಗಡೆಯ ಕುರ್ಚಿಯಲ್ಲಿ ಕೂತು, ಬೇಕಂತಲೇ ತಪ್ಪು ಎಲೆ ತೋರಿಸುವರು. "ಆ ರಾಜಾನ್ನ ಅಲ್ಲಿಡು." "ನಡುವ ಬಾಯಿ ಹಾಕಬ್ಯಾಡ್ರಿ. ಡಿಪೋದಾಗ ಹಿಂಗ ಹಚ್ಚತಿದ್ರೇನು ಸಾಮಾನು?" ಆ ಬೈಗುಳಕ್ಕಾಗಿ ಅವರು ಇಡೀ ದಿನ ಕಾಯುತ್ತಿದ್ದರು ಎಂದು ನನಗೆ ಆಮೇಲೆ ತಿಳಿಯಿತು. ಆ ಒಂದು ಹೊತ್ತಿನಲ್ಲಿ ಕಾಕೂಗೆ ಗಂಡ ಯಾರೆಂದು ಗೊತ್ತಿರುತ್ತಿತ್ತು. ಎಲೆಗಳು ಮುಗಿದು ಪರದೆ ಆರಿದ ಮೇಲೆ ಮತ್ತೆ ಮಂಜು ಕವಿಯುವುದು.

ಆ ಕಂಪ್ಯೂಟರ್ ಒಂದು ದಿನ ಕಟಕಟ ಹಲ್ಲು ಕಡಿಯತೊಡಗಿತು. ಆಟದ ನಡುವೆ ಎಲೆಗಳು ಅಲ್ಲಲ್ಲೇ ಕಲ್ಲಾಗುವವು. ಹಾರ್ಡ್ ಡಿಸ್ಕ್ ಸತ್ತಿತ್ತು. ಕಾಕಾ ಪೆಟ್ಟಿಗೆಯನ್ನು ರಿಕ್ಷಾದಲ್ಲಿ ಮಡಿಲ ಮೇಲಿಟ್ಟುಕೊಂಡು ರಿಪೇರಿ ಅಂಗಡಿಗೆ ಹೋದರು, ಜೊತೆಗೆ ನಾನು. ಅಂಗಡಿಯ ಹುಡುಗಿ ಮುಚ್ಚಳ ತೆಗೆದು ಧೂಳು ಊದಿ, "ಕಾಕಾ, ಹೇ ಭಂಗಾರಾತ್ ದ್ಯಾ, ನವೀನ್ ಘ್ಯಾ" ಎಂದಳು. ಗುಜರಿಗೆ ಹಾಕಿ ಹೊಸದು ತಗೊಳ್ಳಿ ಅಂತ. ಹೊಸದು ತನಗೆ ನಡೆದೀತು, ಮನೆಯಲ್ಲಿರುವವಳಿಗೆ ನಡೆಯುವುದಿಲ್ಲ ಎಂದು ಕಾಕಾ ಅವಳಿಗೆ ಮರಾಠಿಯಲ್ಲೇ ತಿಳಿಹೇಳಿದರು.

ಅದು ಅವರಿಗೆ ಗೊತ್ತಿದ್ದದ್ದು ಅನುಭವದಿಂದ. ದೇಹೂ ರೋಡಿನ ಶಾಲೆಯೊಂದರಲ್ಲಿ ಟೀಚರಾಗಿರುವ ಮಗಳು ಅದೇ ವಾರ ಥಳಥಳಿಸುವ ಲ್ಯಾಪ್‌ಟಾಪ್ ತಂದಿದ್ದಳು. ಕಾಕೂ ಅದನ್ನು ಮುಟ್ಟಲಿಲ್ಲ. ಟವೆಲ್ ಹೊದಿಸಿ, "ಯಾರ ಮನೀದರಿ ಇದು? ಕೊಟ್ಟ ಬರ್ರಿ, ಹುಡುಕ್ತಿರ್ತಾರ" ಎಂದರು. ಮಗಳು ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡಳು. ಅಂದು, ಮರುದಿನ, ಅದರ ಮರುದಿನ, ಮಧ್ಯಾಹ್ನದ ಆ ಹೊತ್ತೂ ಮಂಜಿನೊಳಗೇ ಹೋಯಿತು.

ಹಳೆಯ ಪೆಟ್ಟಿಗೆಗೆ ಹೊಸ ಡಿಸ್ಕ್ ಹಾಕಿಸಿ ತಂದೆವು. ಮೊದಲಿನ ವಿಂಡೋಸ್ ಮತ್ತೆ ಹಾಕೋಣವೆಂದರೆ ಅದರ ಸೀಡಿ ಎಂದೋ ಕಳೆದಿತ್ತು. ಈಗಿನದನ್ನು ಹಾಕಿದರೆ ಪಾಪ ಆ ಪೆಟ್ಟಿಗೆ ಉಸಿರು ಕಟ್ಟಿ ಸಾಯುತ್ತಿತ್ತು. "ಲಿನಕ್ಸ್ ಹಾಕೋಣ ಕಾಕಾ. ಲೈಟ್‌ವೇಟ್ ಇರೋದು ಬೇಕಾದಷ್ಟು ಸಿಗತ್ತೆ, ಒಂದು ಸಂಜೆ ಕೆಲಸ" ಎಂದೆ. ಎಂಥ ಸಂಜೆ, ಎಂಥ ಕೆಲಸ!

ಯಾವುದನ್ನೂ ನೇರವಾಗಿ ಡಿಸ್ಕಿಗೆ ಇಳಿಸಲು ಕಾಕಾ ಒಪ್ಪಲಿಲ್ಲ. ಡಿಪೋದಲ್ಲಿ ಪರೀಕ್ಷೆಯಾಗದ ಸಾಮಾನು ಕಪಾಟು ಏರುವಂತಿರಲಿಲ್ಲವಂತೆ. ಲಿನಕ್ಸನ್ನು ಪೆನ್ ಡ್ರೈವಿನಿಂದಲೇ ಓಡಿಸಿ ನೋಡಬಹುದು, ಡಿಸ್ಕನ್ನು ಅದು ಮುಟ್ಟುವುದೂ ಇಲ್ಲ ಎಂದು ತಿಳಿದಾಗ ಅವರಿಗೆ ಆದ ಆನಂದ ಹೇಳತೀರದು. "ಅಂದ್ರ ಬೀಗರು ಬಂದಂಗ. ಪಡಸಾಲ್ಯಾಗ ಕೂಡ್ತಾರ, ಚಹಾ ಕುಡೀತಾರ, ಹೋಗ್ತಾರ. ಛಲೋ ಕಂಡ್ರ ಆಮ್ಯಾಲೆ ಮಾತುಕತಿ." ಅಂದಿನಿಂದ ಕೆಲಸ ಮುಗಿಸಿ ನಾನು ಮೆಟ್ಟಿಲು ಹತ್ತಿದರೆ ಮೊದಲ ಪ್ರಶ್ನೆ: "ಇವತ್ತ ಯಾವ ಬೀಗರವಾ?"

ಏನೇನು ಬೀಗರು ಬಂದರು! ಒಂದಕ್ಕೆ ನಾಯಿಮರಿಯ ಹೆಸರು, ಒಂದಕ್ಕೆ ಪುದೀನದ ಹೆಸರು, ಒಂದಕ್ಕೆ ಬೋಧಿವೃಕ್ಷದ ಹೆಸರು. "ಹೆಸರು ಭಾಳ ಛಲೋ ಇಟ್ಟಾರ, ಗುಣ ನೋಡೋಣು" ಎನ್ನುವರು. ನಮ್ಮ ಪ್ರೊಸೆಸರ್ ಹಳೆಯ ತಲೆಮಾರಿನದು; ಈಗಿನ ಎಷ್ಟೋ ಲಿನಕ್ಸ್‌ಗಳು ಅದರ ಮೇಲೆ ಏಳುವುದೇ ಇಲ್ಲ. ಅಂಥವು ಹೊಸ್ತಿಲಲ್ಲೇ ತಿರುಗಿ ಹೋದವು. ಕೆಲವು ಎದ್ದವು, ಆದರೆ ಚೆಂದದ ನೆರಳು, ಜಾರುವ ಕಿಟಕಿ, ಹವಾಮಾನ ಹೇಳುವ ಗಡಿಯಾರ ಎಂದು ಇದ್ದ ಮೆಮೊರಿಯನ್ನೆಲ್ಲ ತಾವೇ ತಿಂದು ಆಟಕ್ಕೆ ಜಾಗ ಉಳಿಸಲಿಲ್ಲ. "ಹಾಸಿಗಿ ಇದ್ದಷ್ಟ ಕಾಲ ಚಾಚೂದು ಕಲಿತಿಲ್ಲ ಇವರು" ಎಂದು ಕಾಕಾ ತಾವೇ ಪೆನ್ ಡ್ರೈವ್ ಕಿತ್ತು ಕೈಗಿಡುವರು. ಮೊದಲ ದಿನ ಹಾರಾಡಿ ಎರಡನೆಯ ದಿನ ಬಳಲಿದ ಒಂದಕ್ಕೆ, "ಹೊಸದರಾಗ ಅಗಸ ಗೋಣಿ ಎತ್ತಿ ಎತ್ತಿ ಒಗದಾ" ಎಂದು ಅಪ್ಪಣೆ ಕೊಟ್ಟು ಕಳಿಸಿದರು.

ನನಗೆ ರೇಗಿಹೋಗುತ್ತಿತ್ತು. "ಕಾಕಾ, ಇದು ಸಾಕು ಬಿಡಿ. ಕಾರ್ಡ್ ಗೇಮ್ ಓಪನ್ ಆಗತ್ತೆ, ಇನ್ನೇನು ಬೇಕು?"

"ಎಲಿ ಬೆನ್ನಿನ ಬಣ್ಣ ನೀಲಿ ಇರಬೇಕು, ಇದರಾಗ ಕೆಂಪದ. ಆಕಿಗೆ ಗೊತ್ತಾಗ್ತದ ತಂಗಿ. ನನ್ನ ಮಾರಿ ಮರೀತಾಳ, ಎಲಿ ಬೆನ್ನು ಮರ್ಯಂಗಿಲ್ಲ." ನಕ್ಕುಕೊಂಡೇ ಹೇಳಿದರು. ನಾನು ಪೆನ್ ಡ್ರೈವ್ ಕಿತ್ತು ಮುಂದಿನ ಬೀಗರನ್ನು ಹುಡುಕತೊಡಗಿದೆ.

ಕೊನೆಗೆ ಒಪ್ಪಿಗೆಯಾದದ್ದು ಯಾರೂ ಅಷ್ಟಾಗಿ ಹೊಗಳದ, ನೋಡಲು ಪೆಚ್ಚಾದ ಒಂದು ಲಿನಕ್ಸ್. ಬಂತು, ಮೂಲೆಯಲ್ಲಿ ಕೂತಿತು, ಕೊಟ್ಟ ಜಾಗದಲ್ಲಿ ಅರ್ಧವನ್ನೂ ಬಳಸಲಿಲ್ಲ. ಡಿಸ್ಕಿಗೆ ಇಳಿಸಿದೆವು. ಎಲೆಯ ಬೆನ್ನಿಗೆ ಹಳೆಯ ನೀಲಿ, ಮೇಜಿಗೆ ಹಳೆಯ ಹಸಿರು ಹಾಕಿದೆ. ಕಂಪ್ಯೂಟರ್ ತೆರೆದ ಕೂಡಲೇ ಆಟವೇ ಎದುರಾಗುವಂತೆ ಮಾಡಿದೆ. ಆಮೇಲೆ ಸುಮ್ಮನಿರಲಾರದೆ ನನ್ನ ವೃತ್ತಿಯ ಚಳಕವನ್ನೂ ತೋರಿಸಿದೆ: ಬೇಡದ್ದನ್ನೆಲ್ಲ ಕತ್ತರಿಸಿದೆ. ಗುಂಡಿ ಒತ್ತಿ ಹತ್ತು ಹೆಜ್ಜೆ ಇಡುವಷ್ಟರಲ್ಲಿ ಎಲೆಗಳು ಹಾಜರು. ಕಾಕಾ ಮಕ್ಕಳಂತೆ ಮತ್ತೆ ಮತ್ತೆ ಆರಿಸಿ, ಹಚ್ಚಿ ನೋಡಿದರು. "ಮುದುಕಗ ರೆಕ್ಕಿ ಬಂದಾವ ನೋಡು" ಎಂದರು. ಇಬ್ಬರೂ ಬೀಗಿದೆವು, ಅವರು ನನಗಿಂತ ಹೆಚ್ಚು.

ಮರುದಿನ ಮಧ್ಯಾಹ್ನ ನೋಡಲು ನನ್ನನ್ನೂ ಕರೆದರು. ಕಾಕೂ ಎದ್ದು ಬಂದರು, ಕಸೂತಿಯ ಹೊದಿಕೆ ತೆಗೆದು ಮಡಚಿದರು, ಗುಂಡಿ ಒತ್ತಿದರು, ಅಡುಗೆಮನೆಯ ಕಡೆ ತಿರುಗಿದರು. ಬಾಗಿಲಿಗೆ ಹೋಗಿ ಮುಟ್ಟುವ ಮೊದಲೇ ಪರದೆ ಹಸಿರಾಯಿತು. ಅವರು ನಿಂತರು. ಪರದೆ ನೋಡಿದರು, ಅಡುಗೆಮನೆ ನೋಡಿದರು, ಬರಿಗೈ ನೋಡಿಕೊಂಡರು. ಚಹಾ ಮಾಡಿದ್ದೆನೋ ಇಲ್ಲವೋ, ಕಪ್ಪು ಎಲ್ಲಿಟ್ಟೆನೋ ಎಂದು ಹುಡುಕುವವರಂತೆ ಅತ್ತಿತ್ತ ತಿರುಗಿದರು. ಆಮೇಲೆ ಮಂಚದ ಮೇಲೆ ಕೂತು ಸಣ್ಣ ದನಿಯಲ್ಲಿ ಹೇಳಿದರು: "ಇದು ನಮ್ಮದಲ್ಲ. ನಮ್ಮದು ಚಹಾ ಆದಮ್ಯಾಲೆ ಬರ್ತದ." ಸ್ವಲ್ಪ ಹೊತ್ತಿಗೆ ಕಾಕಾ ಕಡೆ ನೋಡಿ, "ನೀವು ಕೂಡ್ರಿ. ನಮ್ಮನಿಯವರು ಸಂಜಿಕ್ಕ ಬರ್ತಾರ" ಎಂದರು.

ಕಾಕಾ ಕುರ್ಚಿಯ ತುದಿಗೆ ಕೂತರು. ಅವರ ಮುಖ ನೋಡಲಾರದೆ ನಾನು ಕೆಳಗಿಳಿದು ಬಂದೆ.

ಆಮೇಲೂ ಎರಡು ಮೂರು ಮಧ್ಯಾಹ್ನ ಹಾಗೇ ಆಯಿತು. ಒಂದು ಸಂಜೆ ನನ್ನ ಬಾಗಿಲು ಬಡಿದರು. ಒಳಗೆ ಬರಲಿಲ್ಲ, ಚೌಕಟ್ಟಿಗೆ ಕೈ ಆನಿಸಿ ನಿಂತು ಕೇಳಿದರು.

"ತಂಗಿ, ಅದನ್ನ ಸ್ವಲ್ಪ ಹಳೇದು ಮಾಡಲಿಕ್ಕೆ ಬರ್ತದೇನು?"

"ಅಂದ್ರೆ?"

"ತಡಾ ಮಾಡಬೇಕು ಅದು. ಮೊದಲಿನಂಗ."

ನಾನು ನಕ್ಕುಬಿಟ್ಟೆ, ಕೂಡಲೇ ನಗು ನಿಂತಿತು. ಅಷ್ಟು ವರ್ಷ ಕಂಪ್ಯೂಟರಿನ ಜೊತೆ ಗುದ್ದಾಡಿದವಳಿಗೆ ಯಾರೂ ಕೇಳದ ಕೆಲಸ ಅದು. "ಎಷ್ಟು ತಡ ಮಾಡ್ಬೇಕು ಕಾಕಾ?"

ಅವರು ಯೋಚಿಸಿ, ಅಳತೆ ಹೇಳಿದರು: "ಅಲ್ಲಾ ಹಾಕಿದ ಚಹಾ ಕುದಿಯೋವಷ್ಟು."

ದಾರಿ ಇತ್ತು. ಕಂಪ್ಯೂಟರ್ ಎಚ್ಚೆತ್ತ ಕೂಡಲೇ ಯಾವ ವ್ಯವಸ್ಥೆ ತೆರೆಯಲಿ ಎಂದು ಕೇಳಿ ಒಂದು ಗಳಿಗೆ ಕಾಯುತ್ತದೆ. ಯಾರೂ ಮಾತಾಡದಿದ್ದರೆ ತಾನೇ ಮುಂದೆ ಹೋಗುತ್ತದೆ. ಆ ಕಾಯುವಿಕೆಯನ್ನು ಎಷ್ಟು ಬೇಕಾದರೂ ಹಿಗ್ಗಿಸಬಹುದು, ಪ್ರಶ್ನೆ ಪರದೆಯಲ್ಲಿ ಕಾಣದಂತೆಯೂ ಮಾಡಬಹುದು. ಜನರೆಲ್ಲ ಅದನ್ನು ಮೊಟಕು ಮಾಡುತ್ತಾರೆ, ಅಷ್ಟೇ. ಹೊತ್ತು ಅಳೆಯಲು ನನ್ನ ಒಲೆಯ ಮೇಲೇ ಚಹಾ ಇಟ್ಟೆವು. ಕಾಕಾ ಕಣ್ಣು ಮುಚ್ಚಿ ಕೂತು ಹೇಳುತ್ತ ಹೋದರು: "ಈಗ ಅಲ್ಲಾ ಜಜ್ಜತಾಳ… ಈಗ ಪುಡಿ… ಈಗ ಹಾಲು… ಉಕ್ಕಿ ಬಂತು, ಸಣ್ಣ ಮಾಡಿದ್ಳು… ಮತ್ತ ಉಕ್ಕಲಿ… ಈಗ ಸೋಸ್ತಾಳ." ಮನೆಯ ಹೆಂಗಸಿನ ಕೈಯನ್ನು ಅಷ್ಟು ಗಮನಿಸಿದ ಗಂಡಸನ್ನು ನಾನು ಬೇರೆ ಕಂಡಿಲ್ಲ. ಆ ಮಾತಿಗೆ ಕಿವಿಗೊಟ್ಟು ನಿಂತಿದ್ದರೆ ಕಾಕೂ ಅಲ್ಲೇ ನನ್ನ ಅಡುಗೆಮನೆಯಲ್ಲಿ, ವಯಸ್ಸಿನಲ್ಲಿ ಸಣ್ಣವರಾಗಿ, ಸೆರಗು ಸಿಕ್ಕಿಸಿ ನಿಂತಂತೆ ಅನ್ನಿಸಿತು.

ಅಳತೆ ತಪ್ಪಿತು. ಮರುದಿನ ಎಲೆಗಳು ಬಂದರೂ ಚಹಾ ಬರಲಿಲ್ಲ. ನನ್ನ ಒಲೆ ಹೊಸದು, ಉರಿ ಜೋರು. ಕಾಕೂ ಒಲೆ ಅವರಷ್ಟೇ ನಿಧಾನ. ನಾನು ಕೂಡಲೇ ಸರಿಮಾಡಹೊರಟರೆ ಕಾಕಾ ಕೈ ಹಿಡಿದರು. "ತಾಳಿದವನು ಬಾಳಿಯಾನು ತಂಗಿ. ಆಕಿ ಒಲಿ ಮುಂದ ನಿಂತು ಅಳೀಬೇಕಾಗ್ತದ." ಹಾಗೇ ಮಾಡಿದೆವು. ಕಾಕೂ ಚಹಾ ಮಾಡಿದರು. ನಾವು ಬಾಗಿಲ ಬದಿಯಲ್ಲಿ ಕಳ್ಳರಂತೆ ನಿಂತೆವು.

ಅದರ ಮರುದಿನ ಗುಂಡಿ ಒತ್ತಿದಾಗ ಪರದೆ ಕಪ್ಪಗೇ ಇತ್ತು. ಮೂಲೆಯಲ್ಲಿ ಸಣ್ಣ ಗೆರೆಯೊಂದು ಮಿಣಮಿಣ. ಕಾಕೂ ಅಡುಗೆಮನೆಗೆ ಹೋದರು. ಒಳಗೆ ಕುಟ್ಟಾಣಿಯ ಸದ್ದು, ಶುಂಠಿಯ ವಾಸನೆ. ಕಿಟಕಿಯ ಪರದೆ ಉಬ್ಬಿ ಇಳಿಯುತ್ತಿತ್ತು. ಕಾಕಾ ಒಳಕೋಣೆಯ ಮಂಚದ ಮೇಲೆ ಎರಡೂ ಕೈ ಮೊಣಕಾಲ ಮೇಲಿಟ್ಟು, ಹೆಣ್ಣು ನೋಡಲು ಬಂದ ಹುಡುಗನಂತೆ ಕೂತಿದ್ದರು. ಕಪ್ಪುಗಳು ಕಿಣಿಕಿಣಿ ಎಂದು ಹೊರಬರುವುದಕ್ಕೂ ಎಲೆಗಳು ಹರಡುವುದಕ್ಕೂ ಸರಿಹೋಯಿತು.

"ಬಂತು ನೋಡ್ರಿ, ಬರ್ರಿ."

ಕಾಕಾ ತಕ್ಷಣ ಏಳಲಿಲ್ಲ. ಎದ್ದರೆ ಕನಸು ಒಡೆದೀತೆಂದು ಹೆದರಿದವರಂತೆ ಒಂದು ಗಳಿಗೆ ಹಾಗೇ ಇದ್ದು, ಆಮೇಲೆ "ಬಂದೆ, ಬಂದೆ" ಎನ್ನುತ್ತ ಹೋದರು. ನಾನು ಸದ್ದಿಲ್ಲದೆ ಮೆಟ್ಟಿಲಿಳಿದೆ. ಹಿಂದಿನಿಂದ ಕೇಳಿಸಿತು: "ನಡುವ ಬಾಯಿ ಹಾಕಬ್ಯಾಡ್ರಿ." ಕೆಳಗಿನ ಮೆಟ್ಟಿಲ ಮೇಲೆ ಕೂತು ನಾನು ಅತ್ತೆ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ತಡಮಾಡಿಸಿದ ವಿಷಯ ನಮ್ಮಿಬ್ಬರಲ್ಲೇ ಇರಲಿ ಎಂದರು. "ಮಗಳಿಗೆ ಹೇಳಬ್ಯಾಡ. ಲ್ಯಾಪ್‌ಟಾಪ್ ತಂದ ಕೂಸು, ನೊಂದ್ಕೋತದ." ಪೆನ್ ಡ್ರೈವ್ ಜನಿವಾರ ಏರಿದ್ದು ಅಂದಿನಿಂದಲೇ. ಡಿಸ್ಕ್ ಮತ್ತೆ ಸತ್ತರೆ ಒಂದು ಮಧ್ಯಾಹ್ನವೂ ತಪ್ಪಬಾರದೆಂದು ಎಲ್ಲವನ್ನೂ ಅದರಲ್ಲಿ ಇಳಿಸಿಕೊಟ್ಟಿದ್ದೆ, ಆ ಕಾಯುವ ಹೊತ್ತನ್ನೂ ಸೇರಿಸಿ. ಹಾಗೆ ಎಷ್ಟೋ ಮಧ್ಯಾಹ್ನಗಳು ಕಳೆದವು. ನನ್ನ ಆಫೀಸಿನ ಮೀಟಿಂಗಿನಲ್ಲಿ ಯಾರಾದರೂ ಇನ್ನೂ ಬೇಗ, ಇನ್ನೂ ಬೇಗ ಎನ್ನುತ್ತಿದ್ದರೆ ನನ್ನ ಕಿವಿ ಮೇಲಿನ ಮನೆಯ ಕುಟ್ಟಾಣಿಯ ಕಡೆ ಇರುತ್ತಿತ್ತು.

ಕಳೆದ ಚಳಿಗಾಲದಲ್ಲಿ ಕಾಕಾ ಹೋದರು. ಮಧ್ಯಾಹ್ನದ ನಿದ್ದೆಯಲ್ಲೇ ಹೋದರು. ಅಂದು ಕಾಕೂ ಬಂದು ಎಬ್ಬಿಸಲು ನೋಡಿ, "ಚಹಾ ಆರ್ತದ" ಎಂದರಂತೆ. ಜನಿವಾರದಿಂದ ಬಿಚ್ಚಿದ ಕೀಲಿಕೈಯನ್ನು ಮಗಳು ಇಟ್ಟುಕೊಂಡಳು. ಪೆನ್ ಡ್ರೈವನ್ನು ನನ್ನ ಕೈಗಿಟ್ಟು, "ಇದು ನಿಮ್ಮದಿರಬೇಕು" ಎಂದಳು. ಹೌದೆಂದೆ. ಈಗ ಅದು ನನ್ನ ಮನೆಯ ಕೀಲಿಗೊಂಚಲಿನಲ್ಲಿದೆ. ಕಾಕೂ ಮಗಳ ಜೊತೆ ದೇಹೂ ರೋಡಿಗೆ ಹೋದರು, ಕಂಪ್ಯೂಟರೂ ಕಸೂತಿಯ ಹೊದಿಕೆಯೊಂದಿಗೆ ಹೋಯಿತು. ಆ ಗದ್ದಲದಲ್ಲಿ ಗುಟ್ಟು ಹೇಳಬೇಕೆಂದು ನನಗೂ ಹೊಳೆಯಲಿಲ್ಲ.

ಒಂದು ರವಿವಾರ ಮಧ್ಯಾಹ್ನ ಸ್ವಾರಗೇಟಿನಲ್ಲಿ ಬಸ್ಸಿಗೆ ನಿಂತಿದ್ದಾಗ ಮಗಳ ಫೋನು ಬಂತು.

"ನೀವು ಹಾಕಿಕೊಟ್ಟ ಕಂಪ್ಯೂಟರ್ ಕೆಟ್ಟಂಗದ. ಇವತ್ತ ಜೋಡಿಸಿ ಹಚ್ಚಿದೆ, ಬರೇ ಕರ್ರಗ ನಿಂತದ. ಅವ್ವ ಇಲ್ಲಿಗೆ ಬಂದಾಗಿಂದ ಒಂದ ಮಾತಿಲ್ಲ, ಇದಾದ್ರೂ ನಡದಿದ್ರ… ಆರಿಸಿಬಿಡ್ಲೇನು?"

"ಕೆಟ್ಟಿಲ್ಲ ಅಕ್ಕ." ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು. "ಒಂದ್ಸಲ ಆರಿಸಿ, ಮತ್ತೆ ಅಮ್ಮನ ಕೈಲೇ ಗುಂಡಿ ಒತ್ತಿಸಿ. ಆಮೇಲೆ ಅವರ ಕೈಲೇ ಚಹಾ ಇಡಿಸಿ. ಶುಂಠಿಯನ್ನೂ ಅವರೇ ಜಜ್ಜಲಿ."

"ಚಹಾಕ್ಕೂ ಇದಕ್ಕೂ ಏನ್ರಿ ಸಂಬಂಧ?"

ಹೇಳಿದೆ. ಆಮೇಲೆ, "ನಮ್ಮಪ್ಪ ಮಾಡಿಸಿದ್ದಾ?" ಎಂದು ಕೇಳಿದಳು, ಉತ್ತರಕ್ಕೆ ಕಾಯದೆ ಫೋನು ಎಲ್ಲೋ ಇಟ್ಟು ಹೋದಳು. ಕಟ್ ಮಾಡಲು ಮರೆತಳೋ, ನನಗೂ ಕೇಳಲಿ ಎಂದು ಬಿಟ್ಟಳೋ ತಿಳಿಯದು.

ನನ್ನ ಬಸ್ಸು ಬಂತು, ಹತ್ತಲಿಲ್ಲ. ಇನ್ನೊಂದು ಬಂತು. ಫೋನನ್ನು ಕಿವಿಗೆ ಒತ್ತಿಕೊಂಡು, ಕಂಬಕ್ಕೆ ಒರಗಿ, ಕಣ್ಣು ಮುಚ್ಚಿದೆ. ಈಗ ಶುಂಠಿ. ಈಗ ಪುಡಿ. ಈಗ ಹಾಲು. ಉಕ್ಕಿ ಬಂತು, ಸಣ್ಣ ಮಾಡಿದರು. ಮತ್ತೊಮ್ಮೆ ಉಕ್ಕಲಿ. ಕಂಡಕ್ಟರುಗಳ ಕೂಗು ದೂರವಾಯಿತು. ಈಗ ಸೋಸುತ್ತಾರೆ.

"ಬಂತು ನೋಡ್ರಿ, ಬರ್ರಿ" ಎಂದರು ಕಾಕೂ.

ಆಮೇಲೆ ಕುರ್ಚಿ ಎಳೆದ ಸದ್ದು, ಎಡಗಡೆಯದೇ ಇರಬೇಕು. ಮಗಳು ಮೂಗೆಳೆದುಕೊಂಡು ಮೆಲ್ಲಗೆ ಅಂದಳು:

"ಆ ರಾಜಾನ್ನ ಅಲ್ಲಿಡು."